ಮೌನದ ಊಟ

ಹುಣಸೆಹುಳಿಗೆ ಬೂದಿ ಬೆರೆಸಿ ಹಿತ್ತಾಳೆಯ ಹರಿವಾಣ ತಿಕ್ಕುತ್ತಿದ್ದ ಗಂಗಾಳಿಗೆ ಅಂಚಿನ ಹತ್ತಿರದ ಒಂದು ಕಪ್ಪು ಕಲೆ ಏನು ಮಾಡಿದರೂ ಬಗ್ಗಲಿಲ್ಲ. ಉಗುರಿನಿಂದ ಕೆರೆದಳು. ತೆಂಗಿನ ನಾರಿಗೆ ಮರಳು ಹಾಕಿ ಉಜ್ಜಿದಳು. ಬಾವಿಕಟ್ಟೆಯ ಬಿಸಿಲು ಆಗಲೇ ಬೆನ್ನನ್ನು ಚುರ್ರೆನ್ನಿಸುತ್ತಿತ್ತು, ಬೆರಳ ಸಂದಿಯಲ್ಲಿ ಹುಳಿ ಹೋಗಿ ಉರಿಯುತ್ತಿತ್ತು. ಮದುವೆಯಲ್ಲಿ ತವರಿನಿಂದ ಬಂದ ಹರಿವಾಣ ಅದು. ಹೂವು ಹಣ್ಣು ಕಂಡದ್ದು, ಬಾಳಂತಿಯರ ಮುಂದೆ ಕೂತದ್ದು. ಇವತ್ತು ಮಧ್ಯಾಹ್ನ ಅದು ಕೊಂಡವಾಡಕ್ಕೆ ಹೋಗಬೇಕಿತ್ತು. ಬೀಡಾಡಿ ದನಗಳನ್ನೂ ಬಿಲ್ಲೆಯಿಲ್ಲದ ನಾಯಿಗಳನ್ನೂ ಕೂಡಿಹಾಕುವ ಜಾಗಕ್ಕೆ ಆರತಿಯ ಹರಿವಾಣ. ಜಗಲಿಯ ಮೇಲೆ ಅವಳ ಗಂಡ, ಕೋಡಿಪೇಟೆ ಮುನಸಿಪಾಲ್ಟಿಯ ಹೆಡ್‌ಕ್ಲಾರ್ಕ್ ತ್ರ್ಯಂಬಕ ಭಟ್ಟ, ತಾನೇ ಬರೆದ ರಿಪೋರ್ಟನ್ನು ದೊಡ್ಡ ದನಿಯಲ್ಲಿ ಓದಿಕೊಳ್ಳುತ್ತಿದ್ದ. ಒಂದು ವಾಕ್ಯ ಮುಗಿದಾಗಲೆಲ್ಲ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ‘ಮೂಕ ಪ್ರಾಣಿಗಳ ಹಿತದೃಷ್ಟಿಯಿಂದ’ ಎಂಬಲ್ಲಿ ಎರಡು ಸಲ ಸರಿಮಾಡಿಕೊಂಡ.

“ಏ, ಕೇಳ್ತಾ? ಹರಿವಾಣ ಚೊಲೋ ತಿಕ್ಕು. ಮೂರು ಗಂಟೆಗೆ ಪ್ರಾಂತ ಸಾಹೇಬರು ಕೊಂಡವಾಡ ನೋಡಲೆ ಬತ್ತ.”

“ಕೊಂಡವಾಡಕ್ಕೆ ಆರತಿ ಎತ್ತವಾ?”

“ಕೊಂಡವಾಡಕ್ಕಲ್ಲ, ಸಾಹೇಬರಿಗೆ. ಎಂತಕ್ಕೆ ನಗ್ತೆ?”

“ಯಾರು ನಗ್ತಾ ಇದ್ದ ಇಲ್ಲಿ?”

ಅವಳು ನಗುತ್ತಿರಲಿಲ್ಲ, ನಿಜ. ಆದರೆ ಹರಿವಾಣದಲ್ಲಿ ಕಂಡ ಮುಖ ಅಗಲವಾಗಿ, ಹಲ್ಲು ಕಿಸಿದಂತೆ ಕಂಡಿತು. ಅದರ ಮೇಲೆ ಒಂದು ಚೊಂಬು ನೀರು ಹೊಯ್ದಳು. ಈ ಊರಲ್ಲಿ ಹಿಂದಿನ ವರ್ಷದವರೆಗೆ ನಾಯಿ ಯಾರದು ಎಂದು ಯಾರೂ ಯಾರನ್ನೂ ಕೇಳಿದ್ದಿಲ್ಲ. ತಿಂದ ಎಲೆ ಹಿತ್ತಲಿಗೆ ಎಸೆದರೆ ಬಂದು ನೆಕ್ಕುವುದು ನಾಯಿ. ಅದು ನಮ್ಮದು ಎಂದು ಹೇಳಿಕೊಳ್ಳುವುದು ಮರ್ಯಾದಸ್ಥರ ಮನೆಯ ಮಾತಲ್ಲ. ಹೊಳೆ ದಾಟಿಸುವವನ ಮಗಳಿಗೆ ಹುಚ್ಚು ನಾಯಿ ಕಚ್ಚಿ, ಆ ಕೂಸು ನೀರು ಕಂಡರೆ ಚೀರಿ ಚೀರಿ ಸತ್ತ ಮೇಲೆ ಮುನಸಿಪಾಲ್ಟಿಗೆ ಎಚ್ಚರವಾಯಿತು. ಚೀನದ ಗಲಾಟೆ ಮುಗಿದ ಬೇಸಿಗೆ ಅದು. ಡಂಗುರ ಹೊಡೆಸಿದರು: ನಾಯಿ ಸಾಕಿದವರು ವರ್ಷದ ಫೀ ಕಟ್ಟಿ ಹಿತ್ತಾಳೆಯ ಬಿಲ್ಲೆ ತೆಗೆದುಕೊಳ್ಳಬೇಕು, ನಾಯಿಯ ಕುತ್ತಿಗೆಗೆ ಕಟ್ಟಬೇಕು. ಬಿಲ್ಲೆಯಿಲ್ಲದ್ದನ್ನು ಹಿಡಿದು ಕೊಂಡವಾಡದಲ್ಲಿ ಮೂರು ದಿನ ಇಟ್ಟು, ಯಾರೂ ಬರದಿದ್ದರೆ ಆಮೇಲೆ ಔಷಧ. ಮೂರು ದಿನ ಎಂಬುದು ಕಾಗದದ ಮೇಲೆ. ಇಡುವುದಕ್ಕೆ ಜಾಗವೆಲ್ಲಿತ್ತು? ಮೊಣಕಾಲು ಮಟ್ಟದ ಕೆಸರಲ್ಲಿ ದನಗಳೇ ನಿಂತಿರುತ್ತಿದ್ದವು. ಬೆಳಿಗ್ಗೆ ಹಿಡಿದ ನಾಯಿಗೆ ಮಧ್ಯಾಹ್ನ ಹೊನ್ನಾವರದ ಬಸ್ಸು ಹೋದ ಮೇಲೆ ಒಣಮೀನಿನಲ್ಲಿ ಔಷಧ ಸುತ್ತಿ ಹಾಕಿಬಿಡುತ್ತಿದ್ದ, ಮುನಸಿಪಾಲ್ಟಿಯ ಆಳು ಶುಕ್ರ. ಅವನ ತಪ್ಪೇನಿಲ್ಲ. ಅವನಿಗೆ ಹಾಗೆ ಹೇಳಿಕೊಟ್ಟಿದ್ದರು. ಯಾರು ಹೇಳಿಕೊಟ್ಟದ್ದೆಂದು ಗಂಗಾಳಿಗೆ ಗೊತ್ತು. ಜಗಲಿಯ ಮೇಲೆ ಇದೇ ಗಂಟಲನ್ನು ಇದೇ ರೀತಿ ಸರಿಮಾಡಿಕೊಂಡು ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. “ರಿಜಿಸ್ಟರಲ್ಲಿ ಮೂರು ದಿನ ಬರೆದುಕೊಳ್ತೆ. ನೀನು ಅದನ್ನ ಇಟ್ಕಂಡು ಜಾತ್ರೆ ಮಾಡಡ.”

ಲಕ್ಕಿ ಬಿಲ್ಲೆ ತೆಗೆದುಕೊಂಡಿದ್ದಳು. ಊರ ಹೊರಗಿನ ಗುಡಿಸಲುಗಳ ಕೊಪ್ಪದಿಂದ ತರಕಾರಿ ಹೊತ್ತು ತರುವವಳು ಅವಳು. ಆ ಕೊಪ್ಪವನ್ನು ಹೊಸದಾಗಿ ಊರಿನ ಹದ್ದಿಗೆ ಸೇರಿಸಿದ್ದರು. ಬದನೆ, ಹರಿವೆ, ಸೌತೆಯ ಪಾತಿಗಳನ್ನು ಹಂದಿಯಿಂದ ಕಾಯಲಿಕ್ಕೆ ಕೆಂಚ ಎಂಬ ನಾಯಿ ಇತ್ತು. ಬಿಲ್ಲೆ ಸಿಕ್ಕ ದಿನ ಬುಟ್ಟಿ ಇಳಿಸಿ, ಗಂಗಾಳಿಗೆ ಹೆಮ್ಮೆಯಿಂದ ತೋರಿಸಿದ್ದಳು. ಎದೆಯ ಮೇಲೆ ರಾಶಿ ಬಿದ್ದ ಕರಿಮಣಿ, ಕೆಂಪುಮಣಿಯ ಸರಗಳ ನಡುವೆ ಒಂದು ದಾರದಲ್ಲಿ ಬಿಲ್ಲೆ ಹೊಳೆಯುತ್ತಿತ್ತು. “ಅದ್ರ ಕುತ್ಗೆಗೆ ಕಟ್ಟಿದ್ರೆ ಗಜನಿ ಗದ್ದೆ ಕೆಸ್ರಲ್ಲಿ ಒಂದೇ ದಿನಕ್ಕೆ ಹೋತು ಅಮ್ಮ. ಸರ್ಕಾರದ ಹಿತ್ತಾಳೆ, ಬುಟ್ಟಿಗಟ್ಲೆ ಬದ್ನೆಕಾಯಿ ಮಾರಿ ತಕಂಡದ್ದು. ಅದಕ್ಕೆಂತ ಬುದ್ಧಿ ಇದೆ, ಜೋಪಾನ ಮಾಡೂಕೆ? ಯಾರಾದ್ರೂ ಕೇಳಿದ್ರೆ ನಾನಿದ್ದೆ, ತೋರಿಸ್ತೆ.” ಕೊಪ್ಪದಲ್ಲಿ ಬಿಲ್ಲೆ ತೆಗೆದುಕೊಂಡ ಹೆಂಗಸರೆಲ್ಲ ಹೀಗೇ ಮಾಡಿದ್ದರು. ಬೆಲೆಬಾಳುವುದನ್ನು ಅವರು ಇಡುತ್ತಿದ್ದದ್ದೇ ಕುತ್ತಿಗೆಯಲ್ಲಿ. ಪೆಟ್ಟಿಗೆ ಕಪಾಟು ಎಲ್ಲಿಂದ ಬರಬೇಕು? ಗಂಗಾ ಆವತ್ತು “ಚೆನ್ನಾಗಿದೆ” ಎಂದಿದ್ದಳು. ನಾಯಿಗೇ ಕಟ್ಟಬೇಕು ಲಕ್ಕಿ, ಇಲ್ಲದಿದ್ದರೆ ಹಿಡಿಯುತ್ತಾರೆ ಎಂದು ಹೇಳಬಹುದಿತ್ತು. ಹೆಡ್‌ಕ್ಲಾರ್ಕಿನ ಹೆಂಡತಿ ಹೇಳದೆ ಮತ್ಯಾರು ಹೇಳಬೇಕು? ಹೇಳಲಿಲ್ಲ. ಬದನೆಕಾಯಿ ಎಳೆಯದಿದೆಯೇ ಎಂದು ತೊಟ್ಟು ಮುರಿದು ನೋಡುತ್ತಿದ್ದಳು.

ಹರಿವಾಣವನ್ನು ಕವುಚಿಟ್ಟು ಪಂಚಪಾತ್ರೆ ಎತ್ತಿಕೊಂಡಳು. ದಿನವೂ ತ್ರ್ಯಂಬಕ ಊಟಕ್ಕೆ ಕೂತಾಗ ಎಡಗಡೆ ಇಡುವ ಪಂಚಪಾತ್ರೆ, ಉದ್ಧರಣೆ. ಅದನ್ನು ಮುಟ್ಟಿದರೆ ಸಾಕು, ಹೋದ ವರ್ಷದ ಆ ಮಧ್ಯಾಹ್ನ ಬೆರಳಿಗೆ ಹತ್ತಿಕೊಳ್ಳುತ್ತಿತ್ತು. ಅವನು ಆಪೋಶನ ತೆಗೆದುಕೊಂಡ ಮೇಲೆ ಕೈ ತೊಳೆಯುವ ತನಕ ಮಾತಾಡುವವನಲ್ಲ. ಮಾತಾಡಿದರೆ ಎಲೆ ಬಿಟ್ಟು ಏಳಬೇಕು. ಅವನ ಅಪ್ಪ ಹಿಡಿದಿದ್ದ ನೇಮ. ಅಪ್ಪ ನಡೆಸುತ್ತಿದ್ದ ಬೇರೆ ಯಾವುದನ್ನೂ ಮಗ ಹಿಡಿದಿರಲಿಲ್ಲ, ಇದೊಂದನ್ನು ಬಿಟ್ಟಿರಲಿಲ್ಲ. ಎರಡು ಬೆರಳು ಅಲ್ಲಾಡಿಸಿದರೆ ತಂಬ್ಳಿ, ಅಂಗೈ ಮಗುಚಿದರೆ ಸಾಕು, ಎಲೆಯ ಅಂಚು ಕುಟ್ಟಿದರೆ ಅನ್ನ. ಮದುವೆಯಾದಾಗಿನಿಂದ ಅವಳು ಆ ಬೆರಳುಗಳನ್ನೇ ನೋಡಿಕೊಂಡು ಬಂದಿದ್ದಳು. ಮುಖಕ್ಕಿಂತ ಆ ಬೆರಳುಗಳೇ ಅವಳಿಗೆ ಹೆಚ್ಚು ಗುರುತು. ಅವತ್ತು ಅವನು ನೀರು ಸುತ್ತಿ, ಕುಡಿದು, ಮೊದಲ ತುತ್ತು ಎತ್ತಿದ್ದ. ಅಷ್ಟರಲ್ಲಿ ಅಂಗಳದಲ್ಲಿ ಲಕ್ಕಿಯ ಕೂಗು. ಬುಟ್ಟಿಯಿಲ್ಲದೆ ಓಡಿ ಬಂದಿದ್ದಳು. ಬೆವರು ಸುರಿಯುತ್ತಿತ್ತು, ಮಣಿಸರವೆಲ್ಲ ಒಂದು ಕಡೆಗೆ ಜಾರಿತ್ತು.

“ಅಮ್ಮಾ, ಭಟ್ರು ಇದ್ರಾ? ಕೆಂಚನ್ನ ಹಿಡ್ಕಂಡು ಹೋದ್ರು! ಬಿಲ್ಲೆ ಇದೆ, ನೋಡಿ, ಇಲ್ಲೇ ಇದೆ! ಭಟ್ರದ್ದೊಂದು ಚೀಟಿ ತಂದ್ರೆ ಬಿಡ್ತೆ ಅಂದ ಶುಕ್ರ. ಬಸ್ಸು ಬರೂಕಿಂತ ಮೊದ್ಲು ತಾ ಅಂದ!”

“ಊಟಕ್ಕೆ ಕೂತಿದ್ದಾರೆ ಲಕ್ಕಿ. ಸ್ವಲ್ಪ ತಡಿ.”

ತಡಿ. ಬಾಯಿಂದ ಬಂದದ್ದು ಅದು. ಒಳಗೆ ಹೋಗಿ ಅವನ ಎದುರು ನಿಂತು ಹೇಳಿದಳು: “ಲಕ್ಕಿ ಬೈಂದು. ನಾಯಿ ಹಿಡ್ಕಂಡು ಹೋದ್ವಡ. ಬಿಲ್ಲೆ ಇದ್ದು, ಆನೇ ನೋಡಿದ್ದಿ. ಒಂದು ಚೀಟಿ ಬೇಕಡ, ಬಸ್ಸು ಬರದ್ರೊಳಗೆ.” ಅವನು ತಲೆಯೆತ್ತಿ ನೋಡಿದ. ಕೇಳಿಸಿತ್ತು. ಅವನ ಕಣ್ಣಲ್ಲಿ ಕೇಳಿಸಿದ ಗುರುತು ಇತ್ತು, ಅದರ ಹಿಂದೆ ಇನ್ನೊಂದು ಸಣ್ಣ ಖುಷಿಯೂ ಇತ್ತು. ಹೊರಗೆ ಒಬ್ಬಳು ಉರಿಯುತ್ತ ನಿಂತಿದ್ದಾಳೆ, ಒಳಗೆ ಇನ್ನೊಬ್ಬಳು ಸೌಟು ಹಿಡಿದು ನಿಂತಿದ್ದಾಳೆ. ಇಬ್ಬರೂ ತಾನು ಕೈ ತೊಳೆಯುವುದನ್ನು ಕಾಯಬೇಕು. ಹೂಂ ಎಂದು ತಲೆಯಾಡಿಸಿದರೆ ಸಾಕಿತ್ತು. ತಲೆಯಾಡಿಸಿದರೆ ನೇಮ ಕೆಡುವುದಿಲ್ಲ. ಅವನು ಎರಡು ಬೆರಳು ಅಲ್ಲಾಡಿಸಿದ. ಅವಳು ತಂಬ್ಳಿ ಬಡಿಸಿದಳು. ಅದನ್ನು ಅನ್ನಕ್ಕೆ ಕಲಸಿ, ಕಲಸಿ, ಹಿಸುಕಿ, ಮಾವಿನಮಿಡಿಯನ್ನು ಚೀಪಿ, ಓಟೆಯನ್ನು ಎಲೆಯ ತುದಿಗೆ ಸರಿಯಾಗಿ ಇಟ್ಟ. ಅವನು ಯಾವತ್ತೂ ಅಷ್ಟು ನಿಧಾನ ಉಂಡವನಲ್ಲ. ಗೂಟಕ್ಕೆ ತೂಗಿದ ಅವನ ಕೋಟಿನ ಕಿಸೆಯಲ್ಲಿ ಪೆನ್ನೂ ಇತ್ತು, ಮೊಹರೂ ಇತ್ತು. ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು ಅವಳು, ಅಕ್ಷರ ಅವನದಕ್ಕಿಂತ ದುಂಡಗೆ. ‘ಈ ನಾಯಿಗೆ ಬಿಲ್ಲೆ ಇದೆ, ಬಿಡು’ ಎಂದು ಬರೆಯಲು ಎಷ್ಟು ಹೊತ್ತು? ಅವಳ ಕಣ್ಣು ಕೋಟಿನ ಮೇಲಿತ್ತು. ಅವನು ಎಲೆಯ ಅಂಚು ಕುಟ್ಟಿದ. ಅವಳು ಅನ್ನ ತರಲು ಹೋದಳು. ಅಂಗಳದಲ್ಲಿ ಲಕ್ಕಿ ಕೂತಿರಲಿಲ್ಲ, ನಿಂತೂ ಇರಲಿಲ್ಲ. ಹಿತ್ತಲ ಬಾಗಿಲಿಗೂ ಜಗಲಿಗೂ ನಡುವೆ ಹೋಗಿ ಬಂದು ಮಾಡುತ್ತಿದ್ದಳು. “ಅಮ್ಮಾ, ಆತಾ? ಆತಾ ಅಮ್ಮಾ?” ಅವಳ ಮೇಲೆ ಗಂಗಾಳಿಗೆ ಹೇಳಲಾರದ ಸಿಟ್ಟು ಬಂತು. ನಾಯಿಗೋಸ್ಕರ ಇಷ್ಟೊಂದಾ? ಬರುವುದಾದರೆ ಒಂದು ಗಳಿಗೆ ಮೊದಲು ಬರಬಾರದಿತ್ತೇ? ನನ್ನ ಮನೆಯ ಅಂಗಳದಲ್ಲೇ ಹೀಗೆ ಕೂಗಬೇಕೇ? ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿತು. ತ್ರ್ಯಂಬಕ ಉದ್ಧರಣೆ ಎತ್ತಿ ಕೊನೆಯ ಆಪೋಶನದ ನೀರು ಕುಡಿದ. ಕೈ ತೊಳೆದು, ಬಾಯಿ ಮುಕ್ಕಳಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೊರಗೆ ಬಂದ. “ಎಂತ ಲಕ್ಕಿ, ಈ ಬಿಸಿಲಲ್ಲಿ?” ಎಂದ, ಈಗ ತಾನೇ ಕಂಡವನಂತೆ.

ಲಕ್ಕಿ ಚೀಟಿ ಹಿಡಿದು ಓಡಿದ್ದೂ ಆಯಿತು. ಕೊಂಡವಾಡದ ಹಿಂದೆ, ಸತ್ತ ನಾಯಿಗಳನ್ನು ಹೂಳುವ ಹೊಂಡದ ಹತ್ತಿರ ಶುಕ್ರ ಕೈ ತೊಳೆಯುತ್ತಿದ್ದನಂತೆ.

ಮರುದಿನ ಲಕ್ಕಿ, ಭಟ್ಟರು ಉಂಡು ಮುಗಿಸುವ ತನಕ ಚೀಟಿ ಕೊಡಲಿಲ್ಲ ಎಂದು ತಕರಾರು ಹೇಳಲು ಆಫೀಸಿಗೆ ಹೋದಳು. ಎಲ್ಲರೆದುರು ತ್ರ್ಯಂಬಕ ಅವಳ ಎದೆಯ ಮೇಲಿನ ಬಿಲ್ಲೆಗೆ ಬೆರಳು ತೋರಿಸಿ, “ಲೈಸನ್ಸು ಯಾರ ಕುತ್ತಿಗೆಗಿದ್ಯೋ ಅವರನ್ನ ನಾವು ಹಿಡಿಯಲಿಲ್ಲವಲ್ಲ, ಮತ್ತೆಂತ ತಕರಾರು?” ಎಂದನಂತೆ. ಆಫೀಸೇ ಬಿದ್ದು ನಕ್ಕಿತಂತೆ. ಅದನ್ನು ಅವನೇ ಮನೆಗೆ ಬಂದು ಹೇಳಿದ್ದ. ಕಾಲು ಚಾಚಿ, ತೊಡೆ ತಟ್ಟಿಕೊಂಡು ಹೇಳಿದ್ದ. ಗಂಗಾಳ ತುಟಿಯೂ ಅಭ್ಯಾಸಬಲದಿಂದ ಅಗಲವಾಗಿತ್ತು. ಆದರೆ ಲಕ್ಕಿ ಹೇಳಿದ್ದನ್ನು ಅವನು ಹೇಳಿರಲಿಲ್ಲ. ಅದನ್ನು ಅವಳು ಪೇಟೆಯಲ್ಲಿ ಕೇಳಿದಳು. “ನಕ್ಕಂಡೀರಿ. ನನ್ನ ಕುತ್ಗೇಲಿ ಇರೂದು ನಾನು ದುಡ್ಡು ಕೊಟ್ಟು ತಕಂಡದ್ದು. ನಿಮ್ಮ ಕುತ್ಗೇಲಿ ಇರೂದಕ್ಕೆ ಯಾರು ದುಡ್ಡು ಕೊಟ್ಟದ್ದು ಭಟ್ರೇ?” ಎಂದಿದ್ದಳಂತೆ. ಅವನ ಕುತ್ತಿಗೆಯ ಚಿನ್ನದ ಸರ ಗಂಗಾಳ ಅಪ್ಪ ಮದುವೆಯಲ್ಲಿ ಹಾಕಿದ್ದು. ಲಕ್ಕಿಗೆ ಅದು ಹೇಗೆ ಗೊತ್ತು? ಈ ಊರಲ್ಲಿ ಎಲ್ಲರಿಗೂ ಎಲ್ಲ ಗೊತ್ತು. ಗೊತ್ತಿಲ್ಲದ್ದು ಒಂದೇ, ಆ ಮಧ್ಯಾಹ್ನ ಲಕ್ಕಿ ಬಂದದ್ದು ಊಟದ ನಡುವೆಯೋ ಊಟ ಮುಗಿದ ಮೇಲೋ ಎಂಬುದು.

ತಕರಾರು ವಿಚಾರಿಸಲು ವಿಘ್ನೇಶ್ವರ ವಕೀಲರು ಬಂದಿದ್ದರು. ಅವರು ಮುನಸಿಪಾಲ್ಟಿಯ ಮೆಂಬರು, ಒಳ್ಳೆಯವರು, ಕೊಂಡವಾಡ ಸುಧಾರಿಸಬೇಕೆಂದು ಮೀಟಿಂಗಿನಲ್ಲಿ ಗುದ್ದಾಡುತ್ತಿದ್ದವರು. ಜಗಲಿಯಲ್ಲಿ ಕೂತು ಬಾಗಿಲ ಕಡೆಗೆ ಮುಖ ಮಾಡಿ ಕೇಳಿದರು: “ತಂಗೀ, ಆ ಲಕ್ಕಿ ಬಂದಾಗ ಭಟ್ಟರ ಊಟ ಆಗಿತ್ತಾ?” ಬಾಗಿಲ ಹಿಂದೆ ಅವಳು ನಿಂತಿದ್ದಳು. ತ್ರ್ಯಂಬಕ ಅವಳ ಕಡೆ ನೋಡಲಿಲ್ಲ. ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. “ಆಗಿತ್ತು” ಎಂದಳು. ಹಾಲು ಉಕ್ಕಿತು ಎಂದಷ್ಟು ಸಲೀಸಾಗಿ ಬಂದುಬಿಟ್ಟಿತು. ಆಮೇಲೆ ಬಹಳ ದಿನ ಅವಳು ಆ ಒಂದು ಮಾತನ್ನು ಬಾಯೊಳಗೆ ಹೊರಳಿಸಿ ನೋಡಿದ್ದಾಳೆ. ಯಾರೂ ಹೆದರಿಸಿರಲಿಲ್ಲ, ಹೊಡೆದಿರಲಿಲ್ಲ. ಬೆರಳು ಅಲ್ಲಾಡಿತು, ಅವಳು ಬಡಿಸಿದಳು, ಅಷ್ಟೇ. ತಕರಾರು ಸುಳ್ಳೆಂದು ಠರಾವಾಯಿತು. ಪೇಟೆಯ ಪಡ್ಡೆಗಳು ಅವಳನ್ನು ಸುಳ್ಳು ಲಕ್ಕಿ ಎಂದು ಕರೆಯತೊಡಗಿದರು. ಲಕ್ಕಿ ಈ ಮನೆಯ ಬಾಗಿಲಿಗೆ ಬುಟ್ಟಿ ಇಳಿಸುವುದನ್ನು ಬಿಟ್ಟಳು. ಬೇಲಿಯಾಚೆ ಹೋಗುವಾಗ “ಹರಿವೇ, ಬದ್ನೇ” ಎಂಬ ಕೂಗನ್ನು ಈ ಮನೆಯ ಮುಂದೆ ಮಾತ್ರ ನುಂಗಿಕೊಂಡು, ಪಕ್ಕದ ಮನೆಯ ಬೇಲಿಬಾಗಿಲ ದಣಪೆಯ ಹತ್ತಿರ ಮತ್ತೆ ಶುರುಮಾಡುತ್ತಿದ್ದಳು.

ಶ್ರಾವಣದಲ್ಲಿ, ಮಳೆ ಹಿಡಿದ ಒಂದು ಮಧ್ಯಾಹ್ನ ಗಂಗಾ ಕಾರವಾರದ ಕಲೆಕ್ಟರ ಸಾಹೇಬರಿಗೆ ಕಾಗದ ಬರೆದಳು. ಕೊಂಡವಾಡದಲ್ಲಿ ದನಗಳಿಗೆ ನೀರಿಲ್ಲ. ನಾಯಿಗಳನ್ನು ಮೂರು ದಿನ ಇಡುವುದಿಲ್ಲ. ಲಕ್ಕಿ ಎಂಬ ಹೆಂಗಸು ಫೀ ಕಟ್ಟಿದ್ದಳು, ಹೆಡ್‌ಕ್ಲಾರ್ಕರು ಊಟಕ್ಕೆ ಕೂತಾಗಲೇ ಬಂದಿದ್ದಳು. ಎಲ್ಲ ಬರೆದು ಕೆಳಗೆ ಹೆಸರು ಹಾಕುವಲ್ಲಿ ಬೆರಳು ನಿಂತಿತು. ‘ಊರಿನ ಒಬ್ಬ ನಾಗರಿಕಳು’ ಎಂದು ಬರೆದು, ಹೊಡೆದು ಹಾಕಿದಳು. ಹೆಸರಿಲ್ಲದ ಅರ್ಜಿಯನ್ನು ಸಾಹೇಬರು ಓದುವುದಿಲ್ಲ ಎಂದು ಇದೇ ಗಂಡನ ಬಾಯಲ್ಲಿ ಕೇಳಿದ್ದಳು. ಅಂಥವನ್ನು ಅವನೇ ಹರಿದು, ಸುರುಳಿ ಸುತ್ತಿ ಕಿವಿ ಕೆರೆದುಕೊಳ್ಳುತ್ತಿದ್ದ. ಹೆಸರು ಹಾಕಿದರೆ ಈ ಮನೆ? ಕಾಗದ ಹಪ್ಪಳದ ಡಬ್ಬಿಯ ತಳಕ್ಕೆ ಹೋಯಿತು. ದೀಪಾವಳಿ ಕಳೆಯಿತು, ಸಂಕ್ರಾಂತಿ ಕಳೆಯಿತು. ಹಪ್ಪಳ ತೆಗೆಯುವಾಗಲೆಲ್ಲ ಅದು ಕೈಗೆ ತಾಗುತ್ತಿತ್ತು. ಎಣ್ಣೆ ಹತ್ತಿ ಅಂಚು ಪಾರದರ್ಶಕವಾಗಿತ್ತು. ಈ ನಡುವೆ ಕೊಂಡವಾಡಕ್ಕೆ ಹೆಂಚು ಬಂತು, ಸುಣ್ಣ ಬಂತು, ನೀರಿನ ಕಲ್ಲುಮರಿಗೆ ಬಂತು, ದೊಡ್ಡ ಬೋರ್ಡು ಬಂತು. ಹಿಂದಿನ ಹೊಂಡ ಹಾಗೇ ಇತ್ತು, ಶುಕ್ರನ ಮಧ್ಯಾಹ್ನವೂ ಹಾಗೇ ಇತ್ತು.

“ಪಂಚಪಾತ್ರೆ ಎಂತಕ್ಕೆ ಅಷ್ಟು ತಿಕ್ತೆ? ತೂತು ಬೀಳ್ತು” ಎನ್ನುತ್ತ ತ್ರ್ಯಂಬಕ ರಿಪೋರ್ಟು ಹಿಡಿದು ಬಾವಿಕಟ್ಟೆಗೆ ಬಂದ. ಅವನು ಹೀಗೆ ಅವಳು ಕೆಲಸ ಮಾಡುವಲ್ಲಿಗೆ ಬರುವುದು ಅಪರೂಪ. “ಇದರಲ್ಲಿ ನಿನ್ನ ಹೆಸರೂ ಬೈಂದು, ನೋಡು.”

“ನನ್ನ ಹೆಸರಾ?”

“ಮತ್ತೆ! ‘ಸುಳ್ಳು ತಕರಾರುಗಳಿಂದ ಆಫೀಸಿನ ಕೆಲಸಕ್ಕೆ ಅಡ್ಡಿ’ ಹೇಳಿ ಒಂದು ಪ್ಯಾರಾ ಹಾಕಿದ್ದಿ. ಲಕ್ಕಿದು. ‘ಸಾಕ್ಷಿ, ಗಂಗಾ ಕೋಂ ತ್ರ್ಯಂಬಕ ಭಟ್ಟ’. ಸಾಹೇಬರು ಒಂದು ಮಾತು ಕೇಳಿರೂ ಕೇಳ್ವ. ಊಟ ಆಗಿತ್ತು ಹೇಳು. ಮೊದಲೇ ಹೇಳಿದ್ದೇ ಅಲ್ದಾ, ಹೊಸತೆಂತ ಇದ್ದು?”

“ನನ್ನ ಕೇಳದೇ ಹಾಕಿದ್ದಾ?”

ಅವನು ನಿಜವಾಗಿಯೂ ಅಚ್ಚರಿಪಟ್ಟ. “ಕೇಳದು ಎಂತರ?” ಎಂದ. ಕಾಗದ ಮಡಚಿ ಜೇಬಿಗಿಟ್ಟು, ಕೋಟು ಹಾಕಿಕೊಂಡು, “ಮೂರಕ್ಕೆ ಸರಿಯಾಗಿ ಬಾ. ಹೊಸ ಸೀರೆ ಉಟ್ಕ” ಎಂದು ಹೇಳಿ ಹೋದ.

ಅವಳು ಕೈ ತೊಳೆದಳು. ಎಷ್ಟು ತೊಳೆದರೂ ಹುಳಿಯ ಜಿಡ್ಡು ಹೋಗಲಿಲ್ಲ. ತಿಂಗಳುಗಟ್ಟಲೆ ತನ್ನ ಬೆರಳಿನಿಂದ ಹೊರಡದೆ ಕೂತ ಹೆಸರು ಅದು. ಎಷ್ಟು ಸಲ ಬರೆಯಲು ಹೋಗಿ ಹಿಂದೆ ಸರಿದಿದ್ದಳು. ಮನೆ ಮುರಿಯುತ್ತದೆ, ತವರಿಗೆ ಕೆಟ್ಟ ಹೆಸರು, ನಾಳೆ ಯಾರ ಮುಖ ನೋಡಲಿ ಎಂದು ಎಷ್ಟು ಲೆಕ್ಕ ಹಾಕಿದ್ದಳು. ಅವನು ಒಂದು ಲೆಕ್ಕವನ್ನೂ ಹಾಕಲಿಲ್ಲ. ಗೂಟದ ಮೇಲಿನ ಕೋಟು ತೆಗೆದುಕೊಂಡಂತೆ ತೆಗೆದುಕೊಂಡು ಹೋದ. ಸಾಹೇಬರ ಎದುರೇ ಊಟ ಆಗಿರಲಿಲ್ಲ ಎಂದುಬಿಡಲೇ ಎಂದು ಯೋಚಿಸಿದಳು. ಆಗುವುದಿಲ್ಲ. ಹಾರ, ಕೋಟು, ಟೊಪ್ಪಿಗಳ ನಡುವೆ ಅವನ ಬೆರಳು ಒಮ್ಮೆ ಅಲ್ಲಾಡಿದರೆ ತನ್ನ ಬಾಯಿ ಮತ್ತೆ ‘ಆಗಿತ್ತು’ ಎನ್ನುತ್ತದೆ. ಅವಳಿಗೆ ತನ್ನ ಬಾಯಿಯ ಮೇಲೆ ನಂಬಿಕೆಯಿರಲಿಲ್ಲ.

ಹಪ್ಪಳದ ಡಬ್ಬಿಯಿಂದ ಕಾಗದ ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು. ಹರಿವಾಣವನ್ನು ಬಾವಿಕಟ್ಟೆಯಲ್ಲೇ ಬಿಟ್ಟು, ಹಳೆ ಸೀರೆಯಲ್ಲೇ ಹೊರಟಳು. ಪೇಟೆಯ ತುದಿಯಲ್ಲಿ, ಅರಳಿಮರದ ಬುಡದಲ್ಲಿ ಲಕ್ಕಿ ಬುಟ್ಟಿ ಹರಡಿ ಕೂತಿದ್ದಳು. ಮಣಿಸರಗಳ ನಡುವೆ ಬಿಲ್ಲೆ ಇನ್ನೂ ಇತ್ತು, ಮಂಕಾಗಿತ್ತು. ಗಂಗಾಳ ಕಾಲು ಅಲ್ಲಿ ತಾನಾಗಿ ನಿಂತಿತು. ಬುಟ್ಟಿಯ ಮೇಲೆ ಅವಳ ನೆರಳು ಬಿತ್ತು. ಲಕ್ಕಿ ತಲೆಯೆತ್ತಲಿಲ್ಲ.

“ಬದ್ನೆಕಾಯಿ ಬೇಕಾ? ಬೇಡಾದ್ರೆ ಆಚೆ ನಿಲ್ಲಿ. ಗಿರಾಕಿ ಬರೂ ಹೊತ್ತು.”

“ಲಕ್ಕಿ, ಕಲೆಕ್ಟರರಿಗೆ ಬರೆದಿದ್ದೇನೆ. ಅವತ್ತು ಅವರು ಊಟಕ್ಕೆ ಕೂತಾಗಲೇ ನೀನು ಬಂದಿದ್ದೆ ಅಂತ.”

“ಹೌದಾ?” ಲಕ್ಕಿ ಹರಿವೆ ಸೊಪ್ಪಿಗೆ ನೀರು ಚಿಮುಕಿಸಿದಳು. “ನಾ ಯಾವಾಗ ಬಂದೆ ಅಂತ ನಂಗೆ ಗೊತ್ತಿಲ್ವಾ? ಅದನ್ನ ನಂಗೆ ಹೇಳೂಕೆ ಇಷ್ಟು ದೂರ ಬಂದ್ರಾ? ಯಾರಿಗೆ ಗೊತ್ತಿಲ್ವೋ ಅವ್ರಿಗೆ ಹೇಳಿ, ಹೋಗಿ.”

“ನಿನಗೆ ಸಮಾಧಾನ ಆಗಲಿ ಅಂತ…”

“ನಂಗೆಂತ ಆಗ್ಯದೆ ಸಮಾಧಾನ ಆಗೂಕೆ? ಸಮಾಧಾನ ಬೇಕಾದ್ದು ನಿಮಗೆ. ಅದು ನನ್ನ ಬುಟ್ಟೀಲಿಲ್ಲ.” ಆಗ ಮಾತ್ರ ಮುಖ ಎತ್ತಿದಳು. ಕಣ್ಣು ಒಣಗಿತ್ತು, ಚೂಪಾಗಿತ್ತು. “ಬರೆಯೂದಾದ್ರೆ ನನ್ನ ನಾಯಿ ಹೆಸ್ರೂ ಬರೀರಿ. ‘ಒಂದು ನಾಯಿ’ ಅಂತ ಬರೆದಿರ್ತ್ರಿ ನೀವು.”

ಹಾಗೇ ಬರೆದಿದ್ದಳು. ಗಂಗಾಳ ಕಿವಿ ಬಿಸಿಯಾಯಿತು. ಒಬ್ಬ ಗಿರಾಕಿ ಬಂದ. ಲಕ್ಕಿ ಅವನ ಕಡೆ ತಿರುಗಿ, “ಬನ್ನಿ ಅಣ್ಣ, ಎಳೇ ಬದ್ನೆ” ಎಂದು ನಗುತ್ತ ತಕ್ಕಡಿ ಎತ್ತಿದಳು. ಆ ನಗುವಿನ ಒಂದು ಚೂರೂ ತನ್ನ ಕಡೆಗೆ ಬರುವುದಿಲ್ಲ, ಕಾಗದ ಹೋದ ಮೇಲೂ ಬರುವುದಿಲ್ಲ ಎಂಬುದು ಗಂಗಾಳಿಗೆ ಅಲ್ಲೇ ನಿಶ್ಚಯವಾಯಿತು. ವಿಚಿತ್ರವೆಂದರೆ ಅದರಿಂದ ಕಾಲು ಹಗುರಾಯಿತು. ಸಿಗಬೇಕಾದ್ದು ಏನೂ ಇರಲಿಲ್ಲ, ಇನ್ನು ಯಾರ ಮುಖವನ್ನೂ ನೋಡಿಕೊಂಡು ನಡೆಯಬೇಕಾಗಿರಲಿಲ್ಲ.

ಪೋಸ್ಟಾಫೀಸಿನಲ್ಲಿ ಪೋಸ್ಟ್‌ಮಾಸ್ತರ ನಾಗಪತಿ ಒಬ್ಬನೇ ಇದ್ದ. ತ್ರ್ಯಂಬಕನ ಇಸ್ಪೀಟಿನ ಜೊತೆಗಾರ. ಅವಳನ್ನು ಕಂಡು ಎದ್ದು ನಿಂತ.

“ಎಂತ ಅತ್ತಿಗೆ, ಆರತಿಗೆ ಹೋಗ್ತಿಲ್ಲೆಯಾ?”

“ರಿಜಿಸ್ಟರ್ ಮಾಡವು. ಪೆನ್ನು ಕೊಡು.”

ಕಟ್ಟೆಯ ಮೇಲೆ ಕಾಗದ ಬಿಡಿಸಿ, ‘ಒಂದು ನಾಯಿ’ ಎಂಬುದನ್ನು ಹೊಡೆದು ‘ಕೆಂಚ’ ಎಂದು ಬರೆದಳು. ಕೆಳಗೆ, ‘ಆ ಹೊತ್ತು ಬಡಿಸುತ್ತಿದ್ದವಳು ನಾನು. ವಕೀಲರೆದುರು ಸುಳ್ಳು ಹೇಳಿದವಳೂ ನಾನು’ ಎಂದು ಸೇರಿಸಿದಳು. ಹೆಸರು ಹಾಕಿದಳು. ಕಾಗದವನ್ನು ಲಕೋಟೆಗೆ ಹಾಕಿ, ವಿಳಾಸ ಬರೆದು ಮುಂದೆ ಚಾಚಿದಳು. ಲಕೋಟೆಯ ಮೇಲಿನ ವಿಳಾಸ ಓದಿ ನಾಗಪತಿಯ ಮುಖದ ನಗು ಇಳಿಯಿತು.

“ಕಲೆಕ್ಟರರಿಗಾ? ತ್ರ್ಯಂಬಕಂಗೆ ಗೊತ್ತಿದ್ದಾ ಇದು?”

“ಕಾಗದ ನನ್ನದು.”

“ಅದಪ್ಪಾ. ಆದರೂ… ಇಲ್ಲಿ ಬಿಟ್ಟಿಕ್ಕಿ ಹೋಗು ಅತ್ತಿಗೆ. ಸಂಜೆ ಅವನ ಹತ್ರ ಒಂದು ಮಾತು ಕೇಳಿ ನಾಳೆ ಕಳಿಸ್ತೆ. ಅವಸರ ಎಂತ ಇದ್ದು?”

“ರಸೀದಿ ಕೊಡು.”

“ಅಲ್ಲ ಅತ್ತಿಗೆ…”

“ರಸೀದಿ ಕೊಡು ನಾಗಪತಿ. ಇಲ್ಲದಿದ್ದರೆ ಮುಂದಿನ ಕಾಗದ ನಿನ್ನ ಮೇಲೆ.”

ಹೀಗೆ ಮಾತಾಡಲು ತನಗೆ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಆ ಮಾತು ಅವಳಿಗೆ ಹಿಡಿಸಲೂ ಇಲ್ಲ. ಅದರಲ್ಲಿ ತ್ರ್ಯಂಬಕನ ಗಂಟಲು ಕೇಳಿಸಿತ್ತು. ನಾಗಪತಿ ಅವಳನ್ನು ನೋಡಿದ, ಪರಸ್ಥಳದವಳನ್ನು ನೋಡಿದಂತೆ. ಆಮೇಲೆ ಅಂಟು ಹಚ್ಚಿದ, ತೂಗಿದ, ಠಸ್ಸೆ ಒತ್ತಿದ, ರಸೀದಿ ಹರಿದು ಕಟ್ಟೆಯ ಮೇಲೆ ಎಸೆದ. ಲಕೋಟೆಯನ್ನು ಪಕ್ಕಕ್ಕಿಟ್ಟು ಬೇರೆ ಕೆಲಸ ಹುಡುಕತೊಡಗಿದ.

“ಚೀಲಕ್ಕೆ ಹಾಕು” ಎಂದಳು.

ಹಾಕಿದ.

“ಕಟ್ಟು.”

“ನೀ ಹೋಗು, ಕಟ್ತೆ.”

“ನಿನ್ನ ಪಾಡಿಗೆ ನೀನು ಕಟ್ಟು. ಆನು ಇಲ್ಲೇ ಇರ್ತೆ.”

ದೂರದಲ್ಲಿ ಕೊಂಡವಾಡದ ಕಡೆಯಿಂದ ವಾಲಗದ ದನಿ ಕೇಳಿತು; ಸಾಹೇಬರು ಬಂದಿರಬೇಕು. ನಾಗಪತಿ ಚೀಲದ ಬಾಯಿ ಬಿಗಿದು ಹುರಿ ಸುತ್ತಿದ. ಅರಗಿನ ಕಡ್ಡಿಯನ್ನು ದೀಪಕ್ಕೆ ಹಿಡಿದ. ಕೆಂಪು ಹನಿ ಗಂಟಿನ ಮೇಲೆ ದಪ್ಪಗೆ ಬಿತ್ತು. ಅವನು ಸಿಟ್ಟಿನಿಂದ ಸೀಲು ಒತ್ತಿದ. ಅರಗು ಆರಿ ಗಟ್ಟಿಯಾಗುವ ತನಕ ಅವಳು ಕಟ್ಟೆಯ ಮುಂದಿನಿಂದ ಕದಲಲಿಲ್ಲ.